ಪಿಂಗಾರಿಗೆ ಎರಡು ಸೀಟಿ

ಬೆಳುವಾಯಿಯ ಚಿನ್ನಯ್ಯ ಮೂವತ್ತೊಂದು ವರ್ಷದಿಂದ ಕಂಡಕ್ಟರು. ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾಟಿ ಬಂಟ್ವಾಳ, ಮೆಲ್ಕಾರ್ ತನಕ ಓಡುವ ಖಾಸಗಿ ಬಸ್ಸು ಅವನದು. ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು, ಇದು ಎಲ್ಲ ಕಂಡಕ್ಟರರ ಕ್ರಮ. ಆದರೆ ಚಿನ್ನಯ್ಯ ಒಂದು ಊದಿದರೆ ಬಸ್ಸು ಮಾತ್ರವಲ್ಲ, ಎಲ್ಲಿಯೋ ಅಳದಂಗಡಿಯ ಗದ್ದೆಯಲ್ಲಿ ಉಳುತ್ತಿದ್ದ ಟಿಲ್ಲರೂ ನಿಲ್ಲುತ್ತಿತ್ತು. ಎರಡು ಊದಿದರೆ ಕಾವಿಗೆ ಕೂತ ಹೇಂಟೆ ಮೊಟ್ಟೆ ಬಿಟ್ಟು ಎದ್ದು ಪೇಟೆಗೆ ಹೊರಡುತ್ತಿತ್ತು. ನಂಬದವರು ಹೇಂಟೆಯನ್ನೇ ಕೇಳಬಹುದು.

ಅಂಥ ಚಿನ್ನಯ್ಯ ಕಳೆದ ಮಳೆಗಾಲದ ಆಟಿ ತಿಂಗಳಿಂದ ಎರಡು ಸೀಟಿ ಊದಿಲ್ಲ. ನಿಲ್ಲಿಸಲಿಕ್ಕೆ ಒಂದು ಊದುತ್ತಾನೆ. ಹೊರಡಿಸಲಿಕ್ಕೆ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಬಡಿಯುತ್ತಾನೆ.

"ಬಾಗಿಲು ತಗ್ಗಿ ಹೋಯ್ತು ಮಾರಾಯ, ನಿನ್ನ ಸೀಟಿಗೆ ಏನು ರೋಗ?" ಎಂದು ಡ್ರೈವರು ಒಂದು ದಿನ ಕೇಳಿ, ಕೂಡಲೇ ನಾಲಗೆ ಕಚ್ಚಿಕೊಂಡ. ರೋಗ ಯಾವುದೆಂದು ಅವನಿಗೂ ಗೊತ್ತಿತ್ತು.

ಚಿನ್ನಯ್ಯನ ಒಬ್ಬಳೇ ಮಗಳು ತೃಪ್ತಿ. ಇಪ್ಪತ್ತನಾಲ್ಕು ವರ್ಷ, ಮೆಲ್ಕಾರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಜ್ವರ ಬಂತು, ಆರು ದಿನ. ಆರನೆಯ ಬೆಳಿಗ್ಗೆ ಆಸ್ಪತ್ರೆಯ ಮಂಚದಿಂದ, "ನನಗೆ ಈಗ ಅಡ್ಡಿಲ್ಲ ಅಪ್ಪ, ನೀವು ಡ್ಯೂಟಿಗೆ ಹೋಗಿ" ಎಂದಳು. ಹೋದ. ಸಿದ್ಧಕಟ್ಟೆಯಲ್ಲಿ ಎರಡು ಊದಿ ಬಸ್ಸು ಹೊರಡಿಸಿದ. ಸೀಟಿ ಇನ್ನೂ ಬಾಯಲ್ಲೇ ಇತ್ತು, ಆಸ್ಪತ್ರೆಯಿಂದ ಫೋನು ಬಂತು.

ಮಗಳ ಬ್ಯಾಗು ಬಿಚ್ಚಲಿಕ್ಕೆ ಅವನಿಗೆ ಏಳು ತಿಂಗಳು ಬೇಕಾಯಿತು. ಒಳಗೆ ಕೊಡೆ, ಬಾಚಣಿಗೆ, ಇಪ್ಪತ್ತು ಮುಖದ ಒಂದು ದಾಳ, ಒಂದು ನೋಟ್‌ಬುಕ್. ಮೊದಲ ಪುಟದಲ್ಲಿ ಒಂದು ಚಿತ್ರ: ಎರಡು ಕಾಲಲ್ಲಿ ನಿಂತ ಹೆಂಗಸು, ಮುಖ ಬೆಕ್ಕಿನದು, ಲಂಗದ ಹಿಂದಿನಿಂದ ಬಾಲ, ಹೆಗಲಿಗೆ ಚೀಲ. ಕೆಳಗೆ ಪೆನ್ಸಿಲಿನಲ್ಲಿ, 'ಹೆಸರು ಪಿಂಗಾರಿ. ಕುಲ ಅಡ್ಡದವರು. ಈಗ ಇರುವುದು: ದೊಡ್ಡ ಹೊಳೆಯ ಬದಿ.'

ಮುಂದಿನ ಆದಿತ್ಯವಾರ ಚಿನ್ನಯ್ಯ ಮೆಲ್ಕಾರಿನ ಬಾವಾನ ಬೇಕರಿಯ ಮೆಟ್ಟಿಲು ಹತ್ತಿದ. ವಾರಕ್ಕೊಮ್ಮೆ ತೃಪ್ತಿ 'ಆಟ ಉಂಟು' ಎಂದು ಹೋಗುತ್ತಿದ್ದದ್ದು ಅಲ್ಲಿಗೆ. ಮೇಲಿನ ಕೋಣೆಯಲ್ಲಿ ಬಾವಾನ ಮಗಳು ಫರ್ಹಾನ, ಮತ್ತೆ ಶೋಧನ್ ಎಂಬ ಶಾಲೆಮಾಸ್ಟ್ರು, ಇಬ್ಬರೇ ಪಪ್ಸ್ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದರು. ಮೂರನೆಯ ಕುರ್ಚಿ ಖಾಲಿ. ಚಿನ್ನಯ್ಯ ನೋಟ್‌ಬುಕ್ ಮತ್ತು ದಾಳ ಮೇಜಿನ ಮೇಲಿಟ್ಟು, ಪಿಂಗಾರಿಯ ಚಿತ್ರ ತೋರಿಸಿ, "ಇವಳು ಈಗ ಯಾವ ಸ್ಟಾಪಿನಲ್ಲಿದ್ದಾಳೆ?" ಎಂದು ಕೇಳಿದ.

ಶೋಧನ್ ಆಟ ವಿವರಿಸಿದ. ಒಬ್ಬ ಕಥೆ ನಡೆಸುವುದು, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಾಡುವುದು, ಕಷ್ಟ ಬಂದಲ್ಲಿ ದಾಳ ಹಾಕುವುದು.

"ಅಂದರೆ ತಾಳಮದ್ದಲೆ. ಚೆಂಡೆ ಒಂದು ಇಲ್ಲ" ಎಂದ ಚಿನ್ನಯ್ಯ. "ಇವಳು ಯಾಕೆ ಬೆಕ್ಕು?"

"ಆ ಕುಲವನ್ನು ಕಟ್ಟಿದ್ದೇ ತೃಪ್ತಿ, ಮಾಮ" ಎಂದ ಶೋಧನ್. "ಅಡ್ಡದವರು ದಾರಿಗೆ ಅಡ್ಡ ಬಂದರೆ ಜನ ಅಪಶಕುನ ಅಂತಾರೆ. ಅದಕ್ಕೆ ಯಾರಾದರೂ ರೈಟ್ ಹೇಳದೆ ಅವರು ರಸ್ತೆ ದಾಟುವುದೇ ಇಲ್ಲ."

ಚಿನ್ನಯ್ಯನ ಕೈ ದಾಳದ ಮೇಲೆಯೇ ನಿಂತಿತು. ತೃಪ್ತಿಗೆ ಆಗ ಏಳು ವರ್ಷ, ಶಾಲೆಗೆ ರಜೆ, ಅಪ್ಪನ ಬಸ್ಸಿನ ಮುಂದಿನ ಸೀಟು. ರಸ್ತೆಗೆ ಬೆಕ್ಕು ಅಡ್ಡ ಬಂತೆಂದು ಡ್ರೈವರು ಬಸ್ಸು ನಿಲ್ಲಿಸಿದ. ಚಿನ್ನಯ್ಯ ಇಳಿದು, ಕ್ರಮದಂತೆ ಮೂರು ಹೆಜ್ಜೆ ಮುಂದೆ ನಡೆದು ಬಂದು ಎರಡು ಊದಿದ. ಬಸ್ಸು ಹೊರಟಿತು. ಬೆಕ್ಕು ಚರಂಡಿಯ ಬದಿಯಲ್ಲಿ ಹಾಗೆಯೇ ಕೂತಿತ್ತು. "ಅದಕ್ಕೂ ಎಲ್ಲಿಗೋ ಹೋಗ್ಲಿಕ್ಕೆ ಉಂಟಲ್ಲ ಅಪ್ಪ, ಅದಕ್ಕೆ ಯಾರು ರೈಟ್ ಹೇಳ್ತಾರೆ?" ಎಂದು ಹುಡುಗಿ ಬಂಟ್ವಾಳದ ತನಕ ಅತ್ತಿದ್ದಳು.

"ಇವಳು ಈ ಹೊಳೆ ದಾಟಿದರೆ ಏನಾಗ್ತದೆ?" ಚಿನ್ನಯ್ಯ ಕೇಳಿದ.

"ನನ್ನ ಪಾತ್ರ ಆಟಿಯಲ್ಲೇ ದಾಟಿ ಆಯ್ತು" ಎಂದಳು ಫರ್ಹಾನ. "ಪಿಂಗಾರಿಯದ್ದು ಆಗುವಾಗ ತೃಪ್ತಿಗೆ ಬಸ್ಸಿನ ಹೊತ್ತಾಯ್ತು. ಅವಳೂ ದಾಟಿದರೆ ಕಥೆ ಮುಗೀತದೆ. ಮತ್ತೆ ನಮಗೆ ಕಾಣುವುದಿಲ್ಲ."

"ಹಾಗಾದರೆ ಈಗ ಬೇಡ. ಮೊದಲು ಅವಳು ಏನಾದರೂ ತಿನ್ನಲಿ."

ಆಟ ಪುನಃ ಸುರುವಾಯಿತು. ಮೂರನೆಯ ಕುರ್ಚಿಯಲ್ಲಿ ಚಿನ್ನಯ್ಯ. ಮೊದಲ ವಾರ ಪಿಂಗಾರಿಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು. ಎರಡನೆಯ ವಾರ, ಕಥೆಯಲ್ಲಿ ಮಳೆ ಎಂದು ಶೋಧನ್ ಹೇಳಿದ್ದೇ ತಡ, ಬಸ್ ತಂಗುದಾಣ. ಒಬ್ಬಳೇ ಹೆದರುತ್ತಾಳೆಂದು ಬೀದಿದೀಪ. ಮೂರನೆಯ ವಾರ ಕ್ಯಾಂಟೀನು, ಟೈಲರು, ಒಂದು ಆಸ್ಪತ್ರೆ. ಆ ಆಸ್ಪತ್ರೆಗೆ ಚಿನ್ನಯ್ಯ ಹದಿನೆಂಟು ಡಾಕ್ಟರರನ್ನು ಹಾಕಿಸಿದ, ಒಬ್ಬರಿಗೂ ರಜೆ ಇಲ್ಲ. ಒಂದು ರಾಕ್ಷಸ ಬಂದರೆ ಅವನನ್ನು ಸಾಲಿನಲ್ಲಿ ನಿಲ್ಲಿಸಿ ಪಾಸು ಕೇಳಿದ. ರಾಕ್ಷಸ ನಾಚಿ ವಾಪಸು ಹೋದ. ತಿಂಗಳೊಳಗೆ ಆ ಹೊಳೆಯ ಬದಿ ಬಿ.ಸಿ. ರೋಡಿಗಿಂತ ದೊಡ್ಡ ಪೇಟೆಯಾಯಿತು. ಪಿಂಗಾರಿ ಮಾತ್ರ ಒಂದು ಹೆಜ್ಜೆ ಮುಂದೆ ಇಡಲಿಲ್ಲ.

ಐದನೆಯ ಆದಿತ್ಯವಾರ ಚಿನ್ನಯ್ಯ ಅವಳಿಗೊಂದು ಮನೆ ಕಟ್ಟಲು ಹೊರಟಾಗ ಫರ್ಹಾನ ತಡೆದಳು.

"ಅಂಕಲ್, ಅವಳಿಗೆ ಮನೆ ಬೇಡ. ಎಂಟು ತಿಂಗಳಾಯ್ತು ಅವಳು ಚೀಲ ಹೆಗಲಿಗೆ ಹಾಕಿ ನಿಂತು. ಚಿತ್ರ ನೋಡಿ. ಕೂತಿದ್ದಾಳಾ?"

"ನಿನಗೇನು, ನಿನ್ನದು ದಾಟಿ ಆಯ್ತಲ್ಲ!" ಚಿನ್ನಯ್ಯ ಗದರಿದ. ಮತ್ತೆ ದನಿ ತಗ್ಗಿಸಿ, "ಅಷ್ಟು ಅವಸರ ಇದ್ದರೆ ನೀವೇ ಯಾರಾದರೂ ರೈಟ್ ಹೇಳಿ ಮಗಾ. ನನ್ನ ಹತ್ರ ಆಗುವುದಿಲ್ಲ" ಎಂದ.

ಶೋಧನ್ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ಓದಿದ. "'ಓಣಿ, ರಸ್ತೆ ದಾಟಲಿಕ್ಕೆ ಯಾರು ರೈಟ್ ಹೇಳಿದರೂ ಆಗ್ತದೆ. ದೊಡ್ಡ ಹೊಳೆಗೆ ಮಾತ್ರ ಮನೆಯವರೇ ಎರಡು ಸೀಟಿ ಊದಬೇಕು. ಊದಿದ ಮೇಲೆ ಅಡ್ಡದವರು ತಿರುಗಿ ನೋಡುವುದಿಲ್ಲ, ಬೆಕ್ಕಿನ ಜಾತಿ.'"

"ಒಂದು ವಾರ ಅಪ್ಪನನ್ನು ಕರ್ಕೊಂಡು ಬರ್ತೇನೆ, ಅವರೇ ಊದಲಿ ಅಂತಿದ್ದಳು" ಎಂದಳು ಫರ್ಹಾನ. "ನಿಮ್ಮಪ್ಪ ಇಲ್ಲಿ ಊದಿದರೆ ನಮ್ಮ ಬೇಕರಿಯ ಕಪಾಟಿನ ಗಾಜು ಉಳೀಲಿಕ್ಕಿಲ್ಲ ಅಂತ ನಾವು ನಗಾಡಿದ್ದೆವು."

ಚಿನ್ನಯ್ಯ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡ. ಹೆಗಲಿನ ಚೀಲ ಬಸ್ಸಿನಲ್ಲಿ ಅವನು ಹಾಕಿಕೊಳ್ಳುವ ಚರ್ಮದ ಬ್ಯಾಗಿನದೇ ಅಚ್ಚು. ಮುರಿದ ಬಕಲಿಗೆ ಕಟ್ಟಿದ ದಾರವನ್ನೂ ಬಿಡದೆ ಬರೆದಿದ್ದಳು.

ಜೇಬಿನಿಂದ ಸೀಟಿ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಬಾಯಿಗಿಟ್ಟು ಒಂದು ಊದಿದ. ಎರಡನೆಯದು ಬರಲಿಲ್ಲ. ಒಂದು ಎಂದರೆ ನಿಲ್ಲು. ಶೋಧನ್ ಮುಖ ಆಚೆ ತಿರುಗಿಸಿದ.

"ಪುನಃ ಮೊದಲಿಂದ ಊದ್ತೇನೆ. ಅರ್ಧದಲ್ಲಿ ಬಿಟ್ಟರೆ ಅವಳಿಗೆ ಗೊಂದಲ ಆಗ್ತದೆ" ಎಂದ ಚಿನ್ನಯ್ಯ. ಎದ್ದು ನಿಂತ, ಬಸ್ಸಿನ ಮೆಟ್ಟಿಲಲ್ಲಿ ನಿಂತ ಹಾಗೆ, ಒಂದು ಕೈ ಬಾಗಿಲ ದಾರಂದಕ್ಕೆ ಕೊಟ್ಟು. ಎರಡು ಊದಿದ.

ಬಾವಾನ ಗಾಜು ಒಡೆಯಲಿಲ್ಲ. ಆದರೆ ಕೆಳಗೆ ಜಂಕ್ಷನ್ನಿನಲ್ಲಿ ನಿಂತಿದ್ದ ಯಾವುದೋ ಬಸ್ಸು ಅದು ತನಗೇ ಎಂದು ಹೊರಟೇಬಿಟ್ಟಿತು. ಅದರ ಕಂಡಕ್ಟರು ಚಾದ ಗ್ಲಾಸು ಹಿಡಿದುಕೊಂಡೇ, "ಏ ಮಾರಾಯ, ನಾನು ಊದಲಿಲ್ಲ, ನಿಲ್ಸು!" ಎಂದು ಬೊಬ್ಬೆ ಹೊಡೆಯುತ್ತ ಹಿಂದೆ ಓಡಿದ. ಫರ್ಹಾನ ನಗಲಿಕ್ಕೆ ಹೋಗಿ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ಚಿನ್ನಯ್ಯ ಕಿಟಕಿಯ ಹತ್ತಿರ ಹೋದ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನೋಡಿದ.

"ದಾಟಿದಳಾ?"

"ದಾಟಿದಳು ಮಾಮ."

"ತಿರುಗಿ ನೋಡಿದಳಾ?"

ಶೋಧನ್ ನೋಟ್‌ಬುಕ್ಕಿನ ಕೊನೆಯ ಪುಟದ ಮೇಲೆ ಕೈಯಿಟ್ಟ. ಕಥೆ ನಡೆಸುವವ ಅವನು. ನೋಡಿದಳು ಎಂದರೆ ಯಾರೂ ಕೇಳುವವರಿರಲಿಲ್ಲ.

"ಇಲ್ಲ ಮಾಮ" ಎಂದ.

"ಇಲ್ಲ" ಎಂದು ಚಿನ್ನಯ್ಯನೂ ತಲೆಯಾಡಿಸಿದ. "ಬೆಕ್ಕಿನ ಜಾತಿ."