ಮಗಳ ಬ್ಯಾಗಿನಲ್ಲಿ ಬರುತ್ತಿದ್ದ ಡಬ್ಬ

ಕಳೆದ ಶನಿವಾರ ಅಡುಗೆಮನೆಯ ಮೇಲಿನ ಕಪಾಟು ಒರೆಸುತ್ತಿದ್ದಾಗ ಹಿಂದಿನ ಮೂಲೆಯಲ್ಲಿ ಒಂದು ಸ್ಟೀಲ್ ಡಬ್ಬ ಕೈಗೆ ಸಿಕ್ಕಿತು. ಮುಚ್ಚಳ ಬಿಗಿಯಾಗಿ ಕೂತುಬಿಟ್ಟಿತ್ತು. ಬಟ್ಟೆ ಹಿಡಿದು ತಿರುವಿ ತೆಗೆದರೆ ಮೆಂತ್ಯದ ಹಿಟ್ಟಿನ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ತಳದಲ್ಲಿ ಒಂದೆರಡು ಚಿಟಿಕೆ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಹುರಿದ ಮೆಂತ್ಯ, ಕಡಲೆಬೇಳೆ, ಇಂಗು... ಪಕ್ಕದ ಮನೆಯ ಆಂಟಿಯೇ ಎದುರಿಗೆ ಬಂದು ನಿಂತಂತಾಯಿತು. ಡಬ್ಬ ಅವರದು. ನಾನು ವಾಪಸು ಕೊಟ್ಟಿರಲಿಲ್ಲ.

ನ್ಯೂಜರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಟೌನ್‌ಹೌಸಿಗೂ ಅವರದಕ್ಕೂ ಒಂದೇ ಗೋಡೆ. ಅವರ ಕುಕ್ಕರ್ ಕೂಗಿದರೆ ನಮ್ಮ ಮನೆಯಲ್ಲಿ ಯಾರಾದರೂ ಎದ್ದು ಒಲೆ ಆರಿಸಲು ಹೋಗುತ್ತಿದ್ದರು. ಮೈಸೂರಿನ ಕಡೆಯವರು, ಒಬ್ಬರೇ, ಕೆಲಸದಿಂದ ನಿವೃತ್ತರಾಗಿದ್ದವರು. ಅಂಥವರು ಬೆಳಿಗ್ಗೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು, ಬೆನ್ನಿಗೆ ಬ್ಯಾಗ್ ಏರಿಸಿ, ಕಾರು ತೆಗೆದುಕೊಂಡು ಎಲ್ಲಿಗೆ ಹೋಗುತ್ತಾರೆ? ನಾನೋ ಅನುಮಾನದ ಪಿಶಾಚಿ. ಹಾಲಿನ ಕ್ಯಾನಿನ ಮೇಲೆ ಡೇಟ್ ನೋಡಿ, ನಾನೂ ಮೂಸಿ, ಗಂಡನಿಗೂ ಮೂಸಿಸಿ, ಆಮೇಲೆ ಕಾಫಿಗೆ ಹಾಕುವವಳು. ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ.

"ಕಾಲೇಜಿಗೆ ಕಣಮ್ಮ," ಎಂದರು.

ನಮ್ಮ ಕೌಂಟಿಯ ಕಮ್ಯುನಿಟಿ ಕಾಲೇಜು, ಯಾರು ಬೇಕಾದರೂ ಸೇರಬಹುದಾದ ಎರಡು ವರ್ಷದ ಕಾಲೇಜು. ಸೀಟು ಉಳಿದಿದ್ದರೆ ವಯಸ್ಸಾದವರನ್ನೂ ಕ್ಲಾಸಿನಲ್ಲಿ ಕೂರಲು ಬಿಡುತ್ತಿದ್ದರಂತೆ. ಆಂಟಿ ಪ್ರತಿ ಟರ್ಮಿಗೂ ತರಕಾರಿ ಆರಿಸಿದ ಹಾಗೆ ಕೋರ್ಸು ಆರಿಸುತ್ತಿದ್ದರು. ಒಮ್ಮೆ ಸಮಾಜಶಾಸ್ತ್ರ, ಇನ್ನೊಮ್ಮೆ ನ್ಯೂಜರ್ಸಿಯ ಇತಿಹಾಸ, ಆಮೇಲೆ ಜಗತ್ತಿನ ಧರ್ಮಗಳು. "ಎಥಿಕ್ಸ್ ಸಿಗ್ಲಿಲ್ಲ ನೋಡು, ಫುಲ್ ಆಗೋಯ್ತು," ಎಂದು ಅಂಗಡಿಯಲ್ಲಿ ಎಳೆ ಬೆಂಡೆಕಾಯಿ ಮುಗಿದುಹೋದಷ್ಟು ಬೇಜಾರಿನಲ್ಲಿ ಹೇಳುತ್ತಿದ್ದರು. ಒಂದು ಸಲವಂತೂ ಸಾವಿನ ಬಗ್ಗೆಯೇ ಒಂದು ಕೋರ್ಸಿದೆ, ತಗೋತೀನಿ ಎಂದರು. "ಅಯ್ಯೋ, ಬಿಡ್ತು ಅನ್ನಿ ಆಂಟಿ!" ಎಂದೆ. "ಬಿಡ್ತು" ಎಂದು ನಕ್ಕರು. ಹೋಗಿ ಅದಕ್ಕೇ ಸೇರಿಕೊಂಡರು.

ಅಲ್ಲಿಯವರೆಗೆ ಅವರು ಎಲ್ಲಿಗೆ ಹೋದರೂ ನನಗೇನೂ ಆಗಬೇಕಿರಲಿಲ್ಲ. ಆದರೆ ಮುಂದಿನ ಚಳಿಗಾಲ ನನ್ನ ಮಗಳು ದೊಡ್ಡ ಯೂನಿವರ್ಸಿಟಿಯ ಇಂಜಿನಿಯರಿಂಗ್ ಬಿಟ್ಟು ಮನೆಗೆ ಬಂದಳು. ಏನಾಯಿತು ಎಂದರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಊಟ ಸರಿಯಿಲ್ಲ. ಒಂದು ವರ್ಷ ಇಲ್ಲೇ ಓದಲಿ, ಆಮೇಲೆ ವಾಪಸು ಹೋಗುತ್ತಾಳೆ ಎಂದುಕೊಂಡು ಅದೇ ಕೌಂಟಿ ಕಾಲೇಜಿಗೆ ಸೇರಿಸಿದೆವು. ಕನ್ನಡ ಕೂಟದಲ್ಲಿ ಯಾರಿಗೂ ಹೇಳಲಿಲ್ಲ. ನಮ್ಮವರಲ್ಲಿ ಅದನ್ನು ಹೇಳುವ ಪದ್ಧತಿಯೇ ಇಲ್ಲ. ಅಂಥ ಮಕ್ಕಳೆಲ್ಲ ಇದ್ದಕ್ಕಿದ್ದಂತೆ ಮನೆಯಿಂದಲೇ ಓಡಾಡಿಕೊಂಡು ಓದಲು, ಅಂದರೆ ಕಮ್ಯೂಟ್ ಮಾಡಲು, ಶುರುಮಾಡುತ್ತಾರೆ, ಅಷ್ಟೇ. ಆಂಟಿಗೂ ಅದನ್ನೇ ಹೇಳಿದೆ. "ಡಾರ್ಮ್ ಊಟ ಸೇರಲ್ಲ ಆಂಟಿ, ಇಲ್ಲಿಂದ್ಲೇ ಯೂನಿವರ್ಸಿಟಿಗೆ ಕಮ್ಯೂಟ್ ಮಾಡ್ತಾಳೆ." ಮಗಳು ಪಕ್ಕದಲ್ಲಿ ನಿಂತು ತನ್ನ ಶೂ ನೋಡಿಕೊಳ್ಳುತ್ತಿದ್ದಳು. "ಒಳ್ಳೇದಾಯ್ತು ಬಿಡು, ಮನೆ ಊಟ," ಎಂದರು ಆಂಟಿ. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ನನ್ನ ತಲೆಯಲ್ಲಿ ಹುಳ ಬಿಟ್ಟಿತು.

ಅಷ್ಟು ದೊಡ್ಡ ಕ್ಯಾಂಪಸ್ಸು, ಇಬ್ಬರೂ ಎದುರಾಗಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಈ ಡಬ್ಬ ಇತ್ತಲ್ಲ... ಖಾಲಿ ಡಬ್ಬ ವಾಪಸು ಕೊಡುವುದು ನಮ್ಮಲ್ಲಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಹಾಗಾಗಿ ಅದು ಎರಡು ಮನೆಗಳ ನಡುವೆ ಓಡಾಡಿಕೊಂಡೇ ಇತ್ತು. ಅವರ ಮೆಂತ್ಯದ ಹಿಟ್ಟು ಬಂದರೆ ನನ್ನ ಕೋಡುಬಳೆ ಹೋಗುತ್ತಿತ್ತು. ಒಂದು ಸಂಜೆ ಮಗಳು ಕಾಲೇಜಿನಿಂದ ಬಂದವಳೇ ಬ್ಯಾಗಿನಿಂದ ಅದನ್ನು ತೆಗೆದು ಅಡುಗೆಕಟ್ಟೆಯ ಮೇಲಿಟ್ಟಳು.

"ಆಂಟಿ ಎಲ್ಲಿ ಸಿಕ್ಕಿದ್ರು?"

"ಡ್ರೈವ್‌ವೇ. ವಾಟ್ಸ್ ದ ಬಿಗ್ ಡೀಲ್, ಅಮ್ಮಾ?"

ಮನೆ ಮುಂದಿನ ಡ್ರೈವ್‌ವೇಯಲ್ಲಿ ಈಗಷ್ಟೇ ಸಿಕ್ಕ ಡಬ್ಬ ಪುಸ್ತಕ, ಲ್ಯಾಪ್‌ಟಾಪುಗಳ ಅಡಿಯಲ್ಲಿ ಏಕಿರಬೇಕು? ಗೋಡೆಯಾಚೆಯಿಂದ ಬರುವ ವಸ್ತುವಿಗೆ ಬ್ಯಾಗಾದರೂ ಏಕೆ ಬೇಕು? ಅಂದಿನಿಂದ ಇಬ್ಬರ ಮೇಲೂ ಕಣ್ಣಿಟ್ಟೆ.

ಆಮೇಲೆ ಎಲ್ಲದರಲ್ಲೂ ಆಂಟಿಯ ಕೈವಾಡ ಕಾಣತೊಡಗಿತು. ಊಟಕ್ಕೆ ಕೂತಾಗ ಮಗಳು, "ವೈ ಡು ಯೂ ಆಲ್ವೇಸ್ ಈಟ್ ಲಾಸ್ಟ್?" ಎಂದು ನನ್ನನ್ನು ಕೇಳುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಯಾರನ್ನು ಕರೆಯುತ್ತೇವೆ, ಯಾರನ್ನು ಬಿಡುತ್ತೇವೆ ಎಂದು ವಿಚಾರಣೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ರೂಮಿನೊಳಗಿಂದ ಅವಳ ನಗು ಕೇಳಿಸಿತು. ಅದನ್ನು ಕೇಳಿ ಎಷ್ಟು ತಿಂಗಳಾಗಿತ್ತೋ! ಸಂತೋಷಪಡುವುದು ಬಿಟ್ಟು, ಫೋನಿನಲ್ಲಿ ಯಾರು ಎಂದು ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಅದೇ ವಾರ, ಇಂಜಿನಿಯರಿಂಗಿಗೆ ವಾಪಸು ಹೋಗುವುದಿಲ್ಲ, ಆಂಥ್ರೊಪಾಲಜಿ ಓದುತ್ತೇನೆ ಎಂದಳು. ಮನುಷ್ಯರು ಹೇಗೆ ಬದುಕುತ್ತಾರೆ ಎಂದು ನೋಡುವ ಶಾಸ್ತ್ರವಂತೆ. ಅದನ್ನು ನೋಡಲು ಕಾಲೇಜು ಬೇಕೇ, ಕಿಟಕಿ ಸಾಲದೇ?

ನನ್ನ ರಕ್ತ ಕುದಿಯಿತು. ಡಬ್ಬಕ್ಕೆ ಕೋಡುಬಳೆ ತುಂಬಿಕೊಂಡು ಪಕ್ಕದ ಮನೆಯ ಬೆಲ್ ಒತ್ತಿದೆ. ಜಗಳಕ್ಕೆ ಹೋಗುವಾಗಲೂ ಖಾಲಿ ಡಬ್ಬ ಒಯ್ಯಲಾಗುವುದಿಲ್ಲವಲ್ಲ! ಆಂಟಿ ಬಾಗಿಲು ತೆಗೆದರು. ನಾನು ಕೂರಲೂ ಇಲ್ಲ.

"ನಿಮಗೆ ಮೊದಲಿಂದಲೂ ಗೊತ್ತಿತ್ತು, ಅಲ್ವಾ ಆಂಟಿ?"

"ಹೂಂ. ಇಬ್ಬರದೂ ಒಂದೇ ಕ್ಲಾಸು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಯೂನಿವರ್ಸಿಟಿ ಅಂತ ನೀನೇ ಅಂದ್ಮೇಲೆ ನಾನು ಹೇಗಮ್ಮ ಅಲ್ಲ ಅನ್ನಲಿ?"

ಅವಳ ತಲೆ ತಿರುಗಿಸಿದ್ದು ನೀವೇ ಎಂದು ಕೂಗಾಡಿದೆ. ಆಂಟಿ ಸಿಟ್ಟಾಗಲಿಲ್ಲ. ಕೋಡುಬಳೆಯನ್ನು ತಟ್ಟೆಗೆ ಸುರಿದುಕೊಂಡು, ಡಬ್ಬವನ್ನು ತೊಳೆಯುತ್ತಾ, ನನಗೆ ಬೆನ್ನು ಹಾಕಿಯೇ ಹೇಳಿದರು. "ಮೊದಲನೇ ದಿನ ಕೊನೇ ಸಾಲಲ್ಲಿ ಕೂತ್ಕೊಂಡು ಅಳ್ತಾ ಇದ್ಲು. ಪಕ್ಕದ ಕುರ್ಚಿ ಖಾಲಿ ಇತ್ತು. ಕೂತ್ಕೊಂಡೆ."

"ಅಷ್ಟೇನಾ?"

"ಅಷ್ಟೇ."

ಮನೆಯಲ್ಲಿ ನನ್ನೆದುರು ಒಂದು ಹನಿ ಕಣ್ಣೀರು ಹಾಕದವಳು ಅಲ್ಲಿ ಹೋಗಿ ಅತ್ತಿದ್ದಳು. ನನಗೆ ಹೊಟ್ಟೆಯುರಿದುಹೋಯಿತು. ಅಷ್ಟೇ ಎಂಬುದನ್ನೂ ನಾನು ನಂಬಲಿಲ್ಲ. ಆಂಟಿ ಯಾರ ಹತ್ತಿರ ಏನು ಹೇಳಿರಬಹುದು ಎಂದು ಯುಗಾದಿಯ ಊಟದಲ್ಲಿ ಒಬ್ಬೊಬ್ಬರ ಮುಖವನ್ನೂ ಓದಿದೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಅದೂ ಅನುಮಾನಕ್ಕೆಡೆಯಾಯಿತು.

ಆ ಬೇಸಿಗೆ ಆಂಟಿ ಕ್ಯಾಲಿಫೋರ್ನಿಯಾದ ತಂಗಿಯ ಮನೆಗೆ ಹೊರಟರು. ಹೋಗುವ ಮುನ್ನ ಡಬ್ಬದ ತುಂಬ ಮೆಂತ್ಯದ ಹಿಟ್ಟು ತಂದುಕೊಟ್ಟು, "ನಿಧಾನಕ್ಕೆ ವಾಪಸ್ ಕೊಡು," ಎಂದರು. ಕೈ ಎತ್ತಿ ಟಾಟಾ ಮಾಡಿದಾಗ ಬಳೆ ಮೊಣಕೈವರೆಗೆ ಜಾರಿತು. ನಾನು ನೋಡಿದ್ದೆ... ನೋಡಿಯೂ, ಇಷ್ಟು ಸಣ್ಣ ಸೂಟ್‌ಕೇಸ್ ಹಿಡಿದು ಯಾರಾದರೂ ಅಷ್ಟು ದೂರ ಹೋಗುತ್ತಾರೆಯೇ ಎಂದಷ್ಟೇ ಯೋಚಿಸಿದೆ. ಕಾಯಿಲೆ ಎಂದು ಯಾರಿಗೂ ಹೇಳಿರಲಿಲ್ಲ. ತಂಗಿ ಫೋನ್ ಮಾಡಿದಾಗ ಎಲ್ಲಾ ಮುಗಿದಿತ್ತು. ನನ್ನ ಅಷ್ಟೂ ಅನುಮಾನ ಆ ಒಂದು ಕಡೆ ಸುಳಿಯಲಿಲ್ಲವಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಮಗಳು ಇಂಜಿನಿಯರಿಂಗಿಗೆ ಮರಳಲಿಲ್ಲ. ಜರ್ಸಿ ಸಿಟಿಯಲ್ಲಿ ಮನೆ ಮಾಡಿಕೊಂಡು ನ್ಯೂಯಾರ್ಕಿನಲ್ಲಿ ಅದೇ ಆಂಥ್ರೊಪಾಲಜಿ ಓದುತ್ತಿದ್ದಾಳೆ. ಇದಕ್ಕೆಲ್ಲ ಆಂಟಿಯೇ ಕಾರಣ ಎಂಬ ನನ್ನ ಅನುಮಾನ ಇಂದಿಗೂ ಹೋಗಿಲ್ಲ.

ಶನಿವಾರ ಡಬ್ಬ ಸಿಕ್ಕಿದ ಮೇಲೆ ಸುಮ್ಮನಿರಲಾಗಲಿಲ್ಲ. ಮೆಂತ್ಯ, ಬೇಳೆ, ಒಣಮೆಣಸಿನಕಾಯಿ ಹುರಿದು, ಹಿಟ್ಟು ಮಾಡಿ ತುಂಬಿಸಿದೆ. ತುಂಬಿಸಿದ ಮೇಲೆ ಹೊಳೆಯಿತು, ಇದನ್ನು ಕೊಡುವುದು ಯಾರಿಗೆ? ಗೋಡೆಯಾಚೆ ಈಗ ಬೇರೆಯವರಿದ್ದಾರೆ.

ಭಾನುವಾರ ಮಗಳು ಬಂದಳು. ಡಬ್ಬವನ್ನು ನೋಡಿದವಳೇ ಮುಚ್ಚಳ ತೆಗೆದಳು. ಹಿಟ್ಟನ್ನು ಮೊಸರಿಗೆ ಕಲಸಿಕೊಂಡು ಅಡುಗೆಮನೆಯ ಟೇಬಲ್ಲಿಗೆ ಕೂತು ಒಂದು ತುತ್ತು ತಿಂದಳು. "ನಾಟ್ ಲೈಕ್ ಆಂಟೀಸ್," ಎಂದಳು. ಅವಳ ಕಣ್ಣು ತುಂಬಿತ್ತು. ಖಾರ ಜಾಸ್ತಿಯಾಯಿತೇನೋ ಎಂಬ ಅನುಮಾನ ಬಂತು. ಕೇಳಲಿಲ್ಲ. ಪಕ್ಕದ ಕುರ್ಚಿ ಖಾಲಿ ಇತ್ತು. ಕೂತುಕೊಂಡೆ.