ಕೇಳಿ ಸುಮ್ಮನಾಗುವ ವಾರಿಜಕ್ಕ

"ನಮಸ್ಕಾರ. ನಾವ್ ದುಡ್ಡ್ ಕೇಂಬುಕೆ ಬಂದದ್ದ್. ನಂಗೆ ಈ ಕೆಲ್ಸಕ್ಕೆ ಸಂಬ್ಳ ಇತ್ತ್."

ಯಾರ ಮನೆಯ ಜಗುಲಿ ಹತ್ತಿದರೂ ವಾರಿಜಕ್ಕ ಕೂರುವ ಮೊದಲೇ ಈ ಮೂರು ಮಾತು ಹೇಳಿಬಿಡುತ್ತಿದ್ದರು. ಮನೆಯವರು ಇನ್ನೂ ಕುರ್ಚಿ ಎಳೆಯುತ್ತಿರುತ್ತಿದ್ದರು, ಕುಡಿಯಲು ಏನು ಕೊಡಲಿ ಎಂದು ಕೇಳಲು ಬಾಯಿ ತೆರೆದಿರುತ್ತಿದ್ದರು, ಅಷ್ಟರಲ್ಲಿ ಇದು. ಮೊದಲ ಸಲ ಕೇಳಿದಾಗ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತ್ತು. ದಾನ ಕೇಳಲು ಬಂದವರು ತಮ್ಮ ಸಂಬಳದ ಮಾತು ಎತ್ತುತ್ತಾರೆಯೇ? ಹೊರಗೆ ಬಂದ ಮೇಲೆ ಕೇಳಿಯೇ ಬಿಟ್ಟೆ.

"ನಾವ್ ಹೇಳ್ದಿದ್ರೆ ನಾಳೆ ಬೇರೆ ಯಾರೋ ಹೇಳ್ತ್ರ್. ಆಗಳ್ ಅದ್ ಗುಟ್ಟ್ ಆತ್ತ್. ಗುಟ್ಟ್ ಇದ್ದಲ್ಲಿ ಹೆದ್ರಿಕೆ. ನಂಗೆ ಇಪ್ಪ ಹೆದ್ರಿಕೆಯೇ ಸಾಕ್ ಮಾರಾಯ್ತಿ" ಅಂದರು.

ಅವರಿಗೆ ಹೆದರಿಕೆಯೇ? ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ನಮ್ಮದು ಹಾಸಿಗೆ ಹಿಡಿದವರ ಮನೆಬಾಗಿಲಿಗೇ ನರ್ಸುಗಳನ್ನು ಕಳಿಸುವ ಸಣ್ಣ ಸಂಸ್ಥೆ. ಒಂದು ವ್ಯಾನು, ಇಬ್ಬರು ನರ್ಸುಗಳು. ಕುಂದಾಪುರದಿಂದ ದಕ್ಷಿಣಕ್ಕೆ ಬ್ರಹ್ಮಾವರ, ಉತ್ತರಕ್ಕೆ ಬೈಂದೂರು, ಒಳಗೆ ಸಿದ್ದಾಪುರದ ಗುಡ್ಡದ ಮನೆಗಳವರೆಗೆ ವ್ಯಾನು ಹೋಗುತ್ತದೆ. ಬೆನ್ನಿನ ಹುಣ್ಣು ತೊಳೆಯುವುದು, ಟ್ಯೂಬು ಬದಲಿಸುವುದು, ನೋವಿಗೆ ಮಾತ್ರೆ ಕೊಡುವುದು. ರೋಗಿಗಳಿಂದ ಕಾಸು ಮುಟ್ಟುವುದಿಲ್ಲ. ಹಾಗಾದರೆ ಕಾಸು ಬೇರೆಲ್ಲಿಂದಲೋ ಬರಬೇಕಲ್ಲ, ಅದನ್ನು ತರುವುದು ವಾರಿಜಕ್ಕನ ಕೆಲಸ. ನಾನು ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಮುಚ್ಚಿದ ಮೇಲೆ ಅವರ ಜೊತೆ ಸೇರಿಕೊಂಡೆ. ಆರು ವರ್ಷ ಒಟ್ಟಿಗೆ ತಿರುಗಿದೆವು. 'ಬೇಡುಕೆ ಹೋಪ ಕೆಲ್ಸ' ಎಂದು ನಮ್ಮ ಓಣಿಯವರು ಅದಕ್ಕೊಂದು ಹೆಸರನ್ನೂ ಇಟ್ಟರು.

ನಾನು ಹುಟ್ಟು ಪುಕ್ಕಲಿ. ನಾಯಿ ಕಂಡರೆ ಹೆದರಿಕೆ, ಗೇಟಿನ ಚಿಲಕ ತೆಗೆಯಲು ಹೆದರಿಕೆ, ಪಾಲಿಶ್ ಮಾಡಿದ ನೆಲ ಕಂಡರೆ ಎಲ್ಲಿ ಜಾರುತ್ತೇನೋ ಎಂದು ಹೆದರಿಕೆ. ಅದೆಲ್ಲ ನಕ್ಕು ಮರೆಯಬಹುದಾದದ್ದು. ಆದರೆ ಆರು ವರ್ಷ ಊರಿಡೀ ಬೇರೆಯವರಿಗಾಗಿ ಕೇಳಿದ ವಾರಿಜಕ್ಕ ತಮಗಾಗಿ ಕೇಳಿದ್ದು ಒಂದೇ ಸಲ. ಅದೂ ನನ್ನ ಹತ್ತಿರ. ಅದನ್ನು ಬರೆಯಲು ಹೆದರಿಯೇ ಇಷ್ಟು ದಿನ ಪೆನ್ನು ಮುಟ್ಟಲಿಲ್ಲ, ಈಗಲೂ ಧೈರ್ಯ ಬಂದಿದೆ ಎಂದು ಹೇಳಲಾರೆ.

ವಾರಿಜಕ್ಕ ಎತ್ತರದ ಹೆಂಗಸು, ಸಪೂರ. ಮದುವೆಯಾಗಿರಲಿಲ್ಲ. ಹೆಮ್ಮಾಡಿಯಲ್ಲಿ ಅಣ್ಣನ ಮನೆಗೆ ತಾಗಿದ ಒಂದು ಕೋಣೆಯಲ್ಲಿ ಇರುತ್ತಿದ್ದರು. ಮಳೆ ಇರಲಿ ಇಲ್ಲದಿರಲಿ ಕೈಯಲ್ಲಿ ಉದ್ದ ಹಿಡಿಯ ಗಂಡಸರ ಕೊಡೆ. ಅದು ನಾಯಿಗಳಿಗೆ. ಹೊಡೆಯುತ್ತಿರಲಿಲ್ಲ, ಕೊಡೆಯನ್ನು ಫಕ್ಕನೆ ಬಿಡಿಸಿ ಅದರ ಹಿಂದೆ ಅಡಗಿಕೊಂಡು ನಡೆಯುತ್ತಿದ್ದರು. ನಾಯಿ ಗೊಂದಲಕ್ಕೆ ಬಿದ್ದು ಕೂತುಬಿಡುತ್ತಿತ್ತು. ಮೊದಲು ಅವರು ಸೊಸೈಟಿಯೊಂದರ ಪಿಗ್ಮಿ ಕಲೆಕ್ಷನ್‌ಗೆ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದರಂತೆ. "ಆಗಳ್ ಅವ್ರ ದುಡ್ಡ್ ಅವ್ರಿಗೇ ಒಟ್ಟ್ ಮಾಡುಕೆ ಕೇಂಡದ್ದ್. ಈಗ ಕೊಟ್ಟ್ ಬಿಡುಕೆ ಕೇಂಬುದ್. ಕಾಲ್ ನೋವ್ ಮಾತ್ರ ಒಂದೇ" ಅನ್ನುತ್ತಿದ್ದರು.

ಅವರಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಯಾವ ಮನೆಯಲ್ಲೂ ಆಸ್ರಿ ಬೇಡ ಎನ್ನಬಾರದು. ಬೆಲ್ಲ ನೀರೋ, ಮಜ್ಜಿಗೆಯೋ, ಚಾವೋ, ಏನು ಕೊಟ್ಟರೂ ತಳದವರೆಗೆ ಕುಡಿಯಬೇಕು. "ಕೊಟ್ಟದ್ದ್ ಕುಡಿಯದವ್ರಿಗೆ ಕೇಂಬ ಹಕ್ಕ್ ಇಲ್ಲೆ." ದಿನಕ್ಕೆ ಆರು ಮನೆ, ಆರು ಲೋಟ. ಇಬ್ಬರು ಹೆಂಗಸರು ಆರು ಲೋಟ ಕುಡಿದು ದಿನವಿಡೀ ಬಸ್ಸಿನಲ್ಲಿ ತಿರುಗಿದರೆ ಅವರ ಪಾಡೇನು ಎಂದು ನಮ್ಮ ಆಡಳಿತ ಮಂಡಳಿಯವರು ಒಮ್ಮೆಯೂ ಯೋಚಿಸಿದ್ದಿಲ್ಲ. ಹೆದ್ದಾರಿಯುದ್ದಕ್ಕೂ ಯಾವ ಹೋಟೆಲಿನ ಹಿಂದೆ ಚೊಕ್ಕವಾದ ಶೌಚಾಲಯವಿದೆ ಎಂಬುದು ವಾರಿಜಕ್ಕನಿಗೆ ಬಾಯಿಪಾಠವಾಗಿತ್ತು.

ಇನ್ನೊಂದು ಕಟ್ಟು ಎಲ್ಲಕ್ಕಿಂತ ಕಷ್ಟದ್ದು. ಅದನ್ನು ನಾನು ಕಲಿತದ್ದು ತೆಕ್ಕಟ್ಟೆಯ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ. ಅಂದು ಕೇಳುವ ಸರದಿ ಮೊದಲ ಬಾರಿಗೆ ನನ್ನದು. ಇಂಥದ್ದು ಬೇಕು ಎಂದು ಹೆಸರು ಹಿಡಿದು ಕೇಳಬೇಕು ಎಂದು ವಾರಿಜಕ್ಕ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. "ವ್ಯಾನಿಗೆ ಒಂದ್ ತಿಂಗ್ಳ ಡೀಸೆಲ್ ನೀವ್ ಕೊಡ್ಕ್" ಅಂದೆ. ಮಾಸ್ತರರು ಸುಮ್ಮನಾದರು. ಕನ್ನಡಕ ತೆಗೆದರು, ಒರೆಸಿದರು. ತಡೆಯಲಾಗದೆ ಬಾಯಿಂದ ಬಂದೇ ಬಿಟ್ಟಿತು: "ಇಲ್ದಿರೆ ಅಡ್ಡಿಲ್ಲ."

ನಮ್ಮ ಕಡೆ ಅದೊಂದು ಅಭ್ಯಾಸ. ಊಟ ಹೇಗಿತ್ತು ಅಂದರೆ ಅಡ್ಡಿಲ್ಲ, ಜ್ವರ ಹೇಗಿದೆ ಅಂದರೆ ಅಡ್ಡಿಲ್ಲ, ಬಸ್ಸಿನಲ್ಲಿ ಕಾಲು ತುಳಿದವನಿಗೂ ಅಡ್ಡಿಲ್ಲ. ಮಾಸ್ತರರ ಮುಖ ಒಮ್ಮೆಗೇ ಹಗುರಾಯಿತು. "ಅಡ್ಡಿಲ್ಲ ಅಲ್ದಾ? ಹಂಗಾರೆ ಮುಂದಿನ ಸಲ ಕಾಂಬ" ಎಂದು ನಕ್ಕು, ನಮಗೆ ಎರಡೆರಡು ಬಾಳೆಹಣ್ಣು ಕೊಟ್ಟು ಕಳಿಸಿದರು.

ಗೇಟು ದಾಟಿದ್ದೇ ವಾರಿಜಕ್ಕ ನಿಂತರು. "ಅವ್ರ್ ಕೈ ಕಿಸೆಗೆ ಹೊರ್ಟಿತ್ತ್. ನೀನೇ ಹಿಡ್ದ್ ಎಳ್ದೆ."

"ನಂಗೆ ಹೆದ್ರಿಕೆ ಆಯ್ತ್ ಅಕ್ಕ."

"ಹೆದ್ರಿಕೆ ಆಪುದೇ. ಅದನ್ನ್ ಚಪ್ಲಿ ಒಟ್ಟಿಗ್ ಮೆಟ್ಲ ಕೆಳ್ಗ್ ಬಿಟ್ಟ್ ಹತ್ತ್. ಹೋಪತಿಗೆ ಮತ್ತ್ ಹಾಕ್ಕಂಡ್ ಹೋಪುಕಾತ್ತ್." ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: "ಕಾಣ್ ವೇಣಿ, ಕೇಂಬುದ್ ಕೇಂಡ್ ಆಯ್ತ್. ಇನ್ನ್ ಅದ್ ಅವ್ರದ್ದ್. ಅವ್ರ್ ಯೋಚನೆ ಮಾಡ್ತಿಪ್ಪತಿಗೆ ನೀ ಮಧ್ಯ ಬಾಯ್ ಹಾಕುಕಾಗ."

ಅವರು ಹಾಗೆ ಬಾಯಿ ಮುಚ್ಚಿ ಕೂತದ್ದನ್ನು ನಾನು ನೂರಾರು ಮನೆಗಳಲ್ಲಿ ಕಂಡಿದ್ದೇನೆ. ಆದರೆ ಮರೆಯಲಾಗದ್ದು ಬೈಂದೂರಿನ ಆ ಒಂದು ಮಧ್ಯಾಹ್ನ. ನಮ್ಮ ವ್ಯಾನು ಇಂಜಿನ್ ಕೆಟ್ಟು ಗ್ಯಾರೇಜಿನಲ್ಲಿ ನಿಂತಿತ್ತು. ಸಿದ್ದಾಪುರದ ಕಡೆಯ ರೋಗಿಯೊಬ್ಬರ ಬೆನ್ನಿನ ಹುಣ್ಣು ತೊಳೆಯದೆ ಹತ್ತು ದಿನವಾಗಿತ್ತು. ಮುಂಬೈಯಲ್ಲಿ ಹೋಟೆಲು ಇಟ್ಟ ಒಬ್ಬರು ಊರಿಗೆ ಬಂದಿದ್ದಾರೆ ಎಂದು ತಿಳಿದು ಹೋಗಿದ್ದೆವು. ವಾರಿಜಕ್ಕ ಎಂದಿನ ಮೂರು ಮಾತು ಹೇಳಿದರು, ಇಂಜಿನ್ನಿನ ಪೂರ್ತಿ ಖರ್ಚು ಕೇಳಿದರು, ಸುಮ್ಮನಾದರು.

ಆ ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ಸಂಬ್ಳ ತಕಂಡ್ ದಾನ ಕೇಂಬುದಾ? ಇದೆಂತ ದಂಧೆ ಮಾರ್ರೆ? ನಾನ್ ಮುಂಬೈಯಂಗೆ ಗ್ಲಾಸ್ ತೊಳ್ದ್ ಮೇಲ್ ಬಂದವ. ಯಾರ್ ಹತ್ರವೂ ಕೈ ಚಾಚ್ಲಿಲ್ಲ!" ಮೆಟ್ಟಿಲ ಕೆಳಗಿದ್ದ ಎರಡು ನಾಯಿಗಳೂ ಎದ್ದು ನಿಂತವು. ವಾರಿಜಕ್ಕ ಮಾತಾಡಲಿಲ್ಲ. ಯಜಮಾನರು ಇನ್ನಷ್ಟು ಕೂಗಿದರು. ವಾರಿಜಕ್ಕ ಮಾತಾಡಲಿಲ್ಲ. ಕೊನೆಗೆ ಆತ ಕುರ್ಚಿ ಹಿಂದಕ್ಕೆ ತಳ್ಳಿ ಒಳಗೆ ಹೋದರು. ಒಳಗಿನಿಂದ ಸದ್ದೇ ಇಲ್ಲ. ನಾನು ನನ್ನ ಚಪ್ಪಲಿ ಎಲ್ಲಿದೆ, ನಾಯಿ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತ "ಹೋಪ ಅಕ್ಕ, ಹೋಪ" ಎಂದು ಪಿಸುಗುಟ್ಟಿದೆ.

ವಾರಿಜಕ್ಕ ನನ್ನ ಮಣಿಕಟ್ಟು ಹಿಡಿದರು. ಐಸ್ ಪೆಟ್ಟಿಗೆಯಿಂದ ತೆಗೆದ ಮೀನಿನ ಹಾಗೆ ಅವರ ಕೈ ತಣ್ಣಗಿತ್ತು, ಗಡಗಡ ನಡುಗುತ್ತಿತ್ತು. ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಯಜಮಾನರು ಹೊರಗೆ ಬಂದಾಗ ಕೈಯಲ್ಲಿ ಚೆಕ್ಕಿತ್ತು, ಕಂಕುಳಲ್ಲಿ ಮಡಚಿದ ಒಂದು ಗಾಳಿ ಹಾಸಿಗೆ. ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗದಿರಲಿ ಎಂದು ಹಾಕುತ್ತಾರಲ್ಲ, ಪಂಪು ಇರುವಂಥದ್ದು. "ಅಮ್ಮನ್ದ್. ನಾನ್ ಮುಂಬೈಂದ ತರ್ಸಿ ಕೊಟ್ಟ್ ಹದಿನೈದ್ ದಿನಕ್ಕೆ ಹೋದ್ರ್. ನಾನ್ ಬಂದದ್ದ್ ಹೆಣ ಕಾಂಬುಕೆ" ಅಂದರು. ಮತ್ತೆ ನಮ್ಮ ಮುಖ ನೋಡಲಿಲ್ಲ.

ಬಸ್ಸಿನಲ್ಲಿ ಆ ಹಾಸಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅವರ ಧೈರ್ಯವನ್ನು ಹೊಗಳಿದೆ. "ಧೈರ್ಯ ಎಂತದ್? ಎದ್ದ್ ಹೋಪ ಅಂತ ನಂಗೂ ಕಂಡಿತ್. ಕಾಲೇ ಬರ್ಲಿಲ್ಲ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ, ಹೆಮ್ಮಾಡಿಯಲ್ಲಿ ಇಳಿಯುವವರೆಗೂ, ಕೊಡೆಯ ಹಿಡಿಯನ್ನು ಅವರು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೇ ಇದ್ದರು.

ಕಳೆದ ವರ್ಷ ಅವರ ದನಿ ಒಡೆಯಿತು. ಮಾತು ಹೆಚ್ಚಾಯಿತು, ಹಾಗಾಗಿ ಅಂದರು. ಆಮೇಲೆ ಒಂದು ಮನೆಯಲ್ಲಿ ಅವರು ಅರ್ಧ ಲೋಟ ಮಜ್ಜಿಗೆ ಬಿಟ್ಟದ್ದು ಕಂಡೆ. ತಳದವರೆಗೆ ಕುಡಿಯುವ ವಾರಿಜಕ್ಕ ಲೋಟವನ್ನು ಕುರ್ಚಿಯ ಕಾಲಿನ ಹಿಂದೆ ಸರಿಸಿಟ್ಟರು. ಏನಾಗಿದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

ಬ್ರಹ್ಮಾವರದಲ್ಲಿ ಒಂದು ಮನೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆವು. ಸುಡು ಬಿಸಿಲು. ವಾರಿಜಕ್ಕ ಕೊಡೆ ಬಿಡಿಸಿ ನನ್ನ ತಲೆಗೂ ಹಿಡಿದು, ರಸ್ತೆಯನ್ನೇ ನೋಡುತ್ತ ಹೇಳಿದರು: "ವೇಣಿ, ಗಂಟ್ಲಿಂದ್ ತುಂಡ್ ತೆಗ್ದ್ ಟೆಸ್ಟಿಗೆ ಕಳ್ಸಿರ್. ಬುಧವಾರ ರಿಪೋರ್ಟ್ ಬತ್ತ್. ಆಸ್ಪತ್ರೆಗೆ ನನ್ನೊಟ್ಟಿಗ್ ಬತ್ಯಾ?"

ಕೇಳಿದರು, ಸುಮ್ಮನಾದರು.

ಹಿಂದೊಮ್ಮೆ ಅಪ್ಪನ ಇಂಥದ್ದೇ ರಿಪೋರ್ಟು ತರಲು ಹೋದದ್ದು ನಾನೇ. ಆ ಉದ್ದದ ಕಾರಿಡಾರು, ಫಿನಾಯಿಲಿನ ವಾಸನೆ, ಡಾಕ್ಟರು 'ಕೂತ್ಕೊಳ್ಳಿ' ಅಂದ ರೀತಿ, ಎಲ್ಲ ಒಟ್ಟಿಗೇ ಮೈಮೇಲೆ ಬಂದವು. ಬರುತ್ತೇನೆ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಮೀನಿನ ಲಾರಿಯೊಂದು ಹೋಯಿತು. ಉಡುಪಿಯ ಬಸ್ಸೊಂದು ಹೋಯಿತು. ಆಗ ವಾರಿಜಕ್ಕ ಮೆಲ್ಲಗೆ ಹೇಳಿದರು.

"ಇಲ್ದಿರೆ ಅಡ್ಡಿಲ್ಲ."

ಆರು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಎಷ್ಟು ಹೆದರಿದ್ದರೆ ಅದನ್ನು ಹೇಳಿರಬೇಕು ಎಂದು ನನಗಲ್ಲದೆ ಬೇರೆ ಯಾರಿಗೆ ಗೊತ್ತಾಗಬೇಕು? ಗೊತ್ತಾಯಿತು ಕೂಡ. ಆದರೆ ಅದಕ್ಕಿಂತ ಮೊದಲು ನನಗಾದದ್ದು ಸಮಾಧಾನ. ತೆಕ್ಕಟ್ಟೆಯ ಮಾಸ್ತರರ ಮುಖ ಹೇಗೆ ಹಗುರಾಗಿತ್ತೋ ನನ್ನ ಮುಖವೂ ಹಾಗೇ ಆಗಿರಬೇಕು, ಅವರು ಅದನ್ನು ನೋಡಿಯೂ ಇರಬೇಕು.

"ಬುಧವಾರ ತೆಕ್ಕಟ್ಟೆ ಮಾಸ್ತ್ರ ಮನಿಗೆ ಬತ್ತೆ ಅಂತ ಹೇಳಿದ್ದೆ ಅಕ್ಕ..." ಅಂದೆ.

"ಹೌದ್ ಹೌದ್. ಅದನ್ನ್ ಬಿಡುಕಾಗ" ಅಂದರು. ಕುಂದಾಪುರದ ಬಸ್ಸು ಬಂತು.

ಬುಧವಾರ ಮಾಸ್ತರರ ಮನೆಗೆ ಒಬ್ಬಳೇ ಹೋದೆ. ಕೇಳಿದೆ, ತುಟಿ ಕಚ್ಚಿ ಕೂತೆ, ಮಾಸ್ತರರು ಒಂದು ತಿಂಗಳ ಡೀಸೆಲಿಗೆ ಒಪ್ಪಿದರು. ಹೊರಗೆ ಬಂದು ವಾರಿಜಕ್ಕನಿಗೆ ಫೋನು ಮಾಡಿ ಹೇಳಿದೆ. "ಭೇಷ್! ಬಾಯ್ ಮುಚ್ಕಂಡಿದ್ಯಾ?" ಎಂದು ಒಡೆದ ದನಿಯಲ್ಲಿ ಕೇಳಿದರು. ಅವರ ಹಿಂದೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು. ರಿಪೋರ್ಟಿನಲ್ಲಿ ಏನು ಬಂತು ಎಂದು ನಾನು ಕೇಳಲಿಲ್ಲ. ಕೇಳುವುದಕ್ಕೇ ಸಂಬಳ ಪಡೆಯುವವಳು ಅದೊಂದನ್ನು ಕೇಳಲಿಲ್ಲ.

ಸ್ವಲ್ಪ ದಿನದಲ್ಲೇ ಅವರು ಕೆಲಸ ಬಿಟ್ಟರು. ಆಮೇಲೆ ನಮ್ಮ ವ್ಯಾನೇ ವಾರಕ್ಕೆರಡು ಸಲ ಹೆಮ್ಮಾಡಿಗೆ ಹೋಗತೊಡಗಿತು. ನಾನು ಹೋಗಲಿಲ್ಲ. ಆ ದಿನಗಳಲ್ಲೆಲ್ಲ ನನಗೆ ಎಲ್ಲಾದರೂ ಒಂದು ಮನೆ ಇದ್ದೇ ಇರುತ್ತಿತ್ತು. ನಾಲ್ಕು ತಿಂಗಳು ಹೀಗೆ ತಪ್ಪಿಸಿಕೊಂಡೆ. ಕೊನೆಗೊಂದು ದಿನ ನರ್ಸು "ನಾವ್ ಹೋದಾಗೆಲ್ಲ ವಾರಿಜಕ್ಕ ನಿಮ್ಮನ್ನೇ ಕೇಂತ್ರ್. ಇನ್ನ್ ತಡ ಮಾಡುಕಾಗ" ಅಂದಳು. ಅಂದು ವ್ಯಾನು ಹತ್ತಿದೆ.

ಅವರು ಅರ್ಧ ಆಗಿದ್ದರು. ಬೆನ್ನ ಕೆಳಗೆ ಪಂಪಿನ ಸಣ್ಣ ಸದ್ದು. ಬೈಂದೂರಿನಿಂದ ನಾನು ಮಡಿಲಲ್ಲಿಟ್ಟು ತಂದ ಅದೇ ಗಾಳಿ ಹಾಸಿಗೆ. ಅವರೇ ಅದನ್ನು ಕಣ್ಣಲ್ಲಿ ತೋರಿಸಿ, ದನಿಯಿಲ್ಲದ ದನಿಯಲ್ಲಿ "ಕಾಣ್, ಕೇಂಡ್ ತಂದದ್ದ್ ನಂಗೇ ಬಂತ್" ಎಂದು ನಕ್ಕರು. ಆಮೇಲೆ ಅತ್ತಿಗೆಯ ಕಡೆ ತಿರುಗಿ "ಇವ್ಳಿಗೆ ಆಸ್ರಿ ಕೊಡಿ" ಅಂದರು. ಅತ್ತಿಗೆ ತಂದ ಬೆಲ್ಲ ನೀರನ್ನು ತಳದವರೆಗೆ ಕುಡಿದೆ. ಲೋಟ ಕೆಳಗಿಟ್ಟು ಕೇಳಿದೆ.

"ಅಕ್ಕಾ, ಆ ಬುಧವಾರ ನಾನ್ ಬರ್ಲಿಲ್ಲ. ಮಾಸ್ತ್ರ ಮನಿ ಬರೀ ನೆವ. ನಂಗೆ ಹೆದ್ರಿಕೆ ಆಯ್ತ್. ನಿಮ್ ಮನ್ಸಂಗೆ ಆ ಬೇಜಾರ್ ಇದ್ರೆ ಅದನ್ನ್ ಬಿಡ್ಕ್."

ಬಾಯಿ ಮುಚ್ಚಿದೆ. ವಾರಿಜಕ್ಕ ನನ್ನನ್ನೇ ನೋಡಿದರು. ಪಂಪು ಉಸಿರೆಳೆಯಿತು, ಬಿಟ್ಟಿತು. 'ಇಲ್ದಿರೆ ಅಡ್ಡಿಲ್ಲ' ಗಂಟಲವರೆಗೆ ಬಂತು, ನುಂಗಿದೆ. ಅವರು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಈ ಸಲ ಅವರ ಕೈ ಬೆಚ್ಚಗಿತ್ತು, ತಣ್ಣಗಾಗಿದ್ದುದು ನನ್ನದು. ಹೊರಗೆ ವ್ಯಾನಿನ ಹಾರ್ನ್ ಒಮ್ಮೆ ಕೇಳಿತು, ಮತ್ತೊಮ್ಮೆ ಕೇಳಿತು. ಅವರ ಕಣ್ಣು ಮುಚ್ಚುತ್ತ ಬಂತು. "ಮದ್ದಿಗೆ ನಿದ್ರೆ ಬತ್ತ್, ಹೋಪ" ಎಂದು ನರ್ಸು ನನ್ನ ಭುಜ ಮುಟ್ಟಿದಳು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಎದ್ದೆ. ಮೂರನೆಯ ದಿನ ಹೋದರು.

ಈಗ ಜಗುಲಿ ಹತ್ತುವಾಗ ಆ ಮೂರು ಮಾತು ಹೇಳುವವಳು ನಾನೇ. ಹೆದರಿಕೆಯನ್ನು ಚಪ್ಪಲಿಯ ಜೊತೆ ಬಿಡಲು ನೋಡುತ್ತೇನೆ. ಅರ್ಧ ಅಲ್ಲಿ ಉಳಿಯುತ್ತದೆ, ಅರ್ಧ ನನ್ನ ಜೊತೆ ಮೆಟ್ಟಿಲು ಹತ್ತುತ್ತದೆ. ಕೇಳಿ ಸುಮ್ಮನಾದ ಮೇಲೆ ಎದುರಿನವರು ಯೋಚಿಸುತ್ತಿರುವಾಗ ನನಗೆ ಹೆಮ್ಮಾಡಿಯ ಆ ಕೋಣೆಯ ಪಂಪು ಕೇಳಿಸುತ್ತದೆ. ವಾರಿಜಕ್ಕನಿಂದ ಉತ್ತರ ಬಂದಿಲ್ಲ. ಕೇಳುವುದನ್ನು ಕೇಳಿಯಾಗಿದೆ, ಇನ್ನು ಅದು ಅವರದ್ದು. ನಾನು ಮಧ್ಯೆ ಬಾಯಿ ಹಾಕಿಲ್ಲ.