ಮಾತು ಹೆಕ್ಕುವ ಮೇಷ್ಟ್ರು

ಯಾರ್ಕ್‌ಷೈರಿನ ಆ ಕಣಿವೆಯಲ್ಲಿ ಹುಲ್ಲು ಕೊಯ್ಲು ಶುರುವಾಯಿತೆಂದರೆ, ನಿವೃತ್ತ ಹೆಡ್‌ಮೇಷ್ಟ್ರು ಆಸ್ಕ್ಯೂ ನೋಟುಪುಸ್ತಕ, ಮೂರು ಚೂಪು ಪೆನ್ಸಿಲುಗಳ ಸಮೇತ ಹಾಜರು. ಊರಿಗೆ ಊರೇ ಬೆವರು ಸುರಿಸಿ ಹುಲ್ಲು ಹರವುತ್ತಿದ್ದರೂ ಈ ಮಹಾನುಭಾವರು ಒಂದು ಕಡ್ಡಿಯನ್ನೂ ಇತ್ತಿಂದತ್ತ ಸರಿಸಿದವರಲ್ಲ. ಅವರಿಗೆ ಬೇಕಾದದ್ದು ಹರವುವುದಕ್ಕಿರುವ ಹಳೇ ಇಂಗ್ಲಿಷ್ ಮಾತುಗಳು ಮಾತ್ರ. ಹುಲ್ಲನ್ನು ಬಿಸಿಲಿಗೆ ಹರವಿದರೆ ‘ಟೆಡ್’, ಗೊಬ್ಬರ ಹರಡಿದರೆ ‘ಸ್ಕೇಲ್’ ಎಂದು ಬರೆದುಕೊಂಡು, ನಿಧಿ ಸಿಕ್ಕವರಂತೆ ಬೀಗುತ್ತಾರೆ. “ಸಾವಿರ ವರ್ಷದ ಚಿನ್ನ ಕಣ್ರಯ್ಯಾ, ನಿಮಗೆಲ್ಲಿ ಗೊತ್ತಾಗ್ಬೇಕು ಇದರ ಬೆಲೆ!” ಎಂಬ ಉಪದೇಶ ಬೇರೆ. ಈ ಸಲ ಐವತ್ತು ದಾಟಿದ ಡೋರಾಳ ಮುಂದೆ ಬಂದು ನಿಂತರು. “ಹೀಗೆ ಹರವೋದಕ್ಕೆ ನಿಮ್ಮಮ್ಮ ಬೇರೇನೋ ಅನ್ನೋರಂತಲ್ಲ, ಏನಮ್ಮಾ ಅದು?” ಏಳು ವರ್ಷದವಳಿದ್ದಾಗ ಡೋರಾ ಆ ಮಾತನ್ನು ತರಗತಿಯಲ್ಲಿ ಆಡಿದ್ದಳು. “ದನ ಕಾಯೋರ ಭಾಷೆ!” ಎಂದು ಇದೇ ಮೇಷ್ಟ್ರು ಅವಳ ಅಂಗೈಗೆ ಆರು ಬೆತ್ತದೇಟು ಬಾರಿಸಿದ್ದರು. ಅವರಿಗೆ ಅದರ ನೆನಪೇ ಇಲ್ಲ. “ಮರ್ತೋಗಿದೆ ಸಾರ್,” ಎಂದಳು ಡೋರಾ, ಕೈಕೆಲಸ ನಿಲ್ಲಿಸದೆ. “ನೀವೇ ಮರೆಸಿದ್ರಲ್ಲ.” ಮೇಷ್ಟ್ರು ಪೆಚ್ಚುಮೋರೆ ಹಾಕಿಕೊಂಡು ಕಲ್ಲುಗೋಡೆಯಾಚೆ ಮರೆಯಾದರು. ಆಮೇಲೆ ಅವಳು ಮಗಳತ್ತ ತಿರುಗಿ, “ಬೇಗ ಬೇಗ ಹರವೇ, ಬಿಸಿಲು ಹೋಗ್ತದೆ!” ಎಂದು ಕೂಗಿದಳು, ಅಮ್ಮನ ಅದೇ ಮಾತಿನಲ್ಲಿ.